ತಪ್ಪು ಬೀಗದಕೈ

2011ನೆಯ ಇಸವಿ ಜೂನ್ 19, ಭಾನುವಾರ. ಅಮೆರಿಕದ ಡ್ರಾಪ್‌ಬಾಕ್ಸ್ ಸಂಸ್ಥೆಯವರು ತಮ್ಮ ಪ್ರೋಗ್ರಾಮಿನಲ್ಲಿ ಒಂದು ಮಾರ್ಪಾಟು ಮಾಡಿ, ಅಲ್ಲಿಯ ಪಶ್ಚಿಮ ಕರಾವಳಿಯ ವೇಳೆಯಂತೆ ಮಧ್ಯಾಹ್ನ 1 ಗಂಟೆ 54 ನಿಮಿಷಕ್ಕೆ ಅದನ್ನು ಬಳಕೆಗೆ ಬಿಟ್ಟರು. ಜನರು ತಮ್ಮ ಕಾಗದಪತ್ರಗಳನ್ನೂ ಭಾವಚಿತ್ರಗಳನ್ನೂ ದೂರದ ಯಂತ್ರಗಳಲ್ಲಿ ಜೋಪಾನವಾಗಿರಿಸಲು ಅನುಕೂಲ ಒದಗಿಸುವ ಸಂಸ್ಥೆ ಅದು. ಆ ವೇಳೆಗೆ ಅದರಲ್ಲಿ ಎರಡು ಕೋಟಿಗೂ ಮಿಕ್ಕ ಖಾತೆಗಳಿದ್ದವು. ಆ ಕ್ಷಣದಿಂದ, ಯಾರ ಖಾತೆಯ ಬಾಗಿಲಿಗೆ ಹೋಗಿ ಬಾಯಿಗೆ ಬಂದ ಗುಪ್ತಪದವನ್ನು ಹೇಳಿದರೂ ಬಾಗಿಲು ತೆರೆಯತೊಡಗಿತು. ತಪ್ಪು ಗಮನಕ್ಕೆ ಬಂದದ್ದು ಸಂಜೆ 5 ಗಂಟೆ 41 ನಿಮಿಷಕ್ಕೆ. ಅದು ಸರಿಹೋದದ್ದು 5 ಗಂಟೆ 46 ನಿಮಿಷಕ್ಕೆ. ದುರಸ್ತಿಗೆ ಹಿಡಿದ ಕಾಲ ಐದು ನಿಮಿಷ. ಕಣ್ಣಿಗೆ ಬೀಳಲು ಹಿಡಿದ ಕಾಲ ಹೆಚ್ಚುಕಡಿಮೆ ನಾಲ್ಕು ಗಂಟೆ.

ಅಷ್ಟು ಹೊತ್ತು ಅದು ಗಮನಕ್ಕೆ ಬಾರದೆ ಇದ್ದುದೇಕೆ? ಕಾರಣವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಆ ಮಧ್ಯಾಹ್ನ ಸರಿಯಾದ ಗುಪ್ತಪದವನ್ನು ಕೊಟ್ಟು ಒಳಬಂದ ಪ್ರತಿಯೊಬ್ಬ ಖಾತೆದಾರನಿಗೂ ಎಲ್ಲವೂ ಎಂದಿನಂತೆಯೇ ಕಂಡಿತು. ಮನೆಯ ಬಾಗಿಲು ತೆರೆಯದೆ ಹೋದರೆ ಯಜಮಾನನು ಬೀದಿಗೆಲ್ಲ ಕೇಳುವಂತೆ ಕೂಗಾಡುತ್ತಾನೆ. ಬಂದವರಿಗೆಲ್ಲ ತೆರೆದುಕೊಳ್ಳುವ ಬಾಗಿಲಿನ ವಿಷಯದಲ್ಲಿ ಕೂಗುವವರು ಯಾರೂ ಇಲ್ಲ. ಒಳಹೊಕ್ಕ ಕಳ್ಳನಂತೂ ಕೂಗುವುದಿಲ್ಲ. ವೆಬ್ ಅಪ್ಲಿಕೇಶನ್‌ಗಳನ್ನು ಕಟ್ಟುವ ತರುಣ ತರುಣಿಯರು ತಮ್ಮ ಕೆಲಸವನ್ನು ಪರೀಕ್ಷಿಸುವಾಗ ಸಾಮಾನ್ಯವಾಗಿ ಮೊದಲು ಬರೆಯುವ ಪರೀಕ್ಷೆಯೆಂದರೆ, ಸರಿಯಾದ ಹೆಸರು, ಸರಿಯಾದ ಗುಪ್ತಪದ, ಬಾಗಿಲು ತೆರೆಯಿತೆ ಎಂಬುದು. ಆ ಭಾನುವಾರ ಅಂಥ ಪರೀಕ್ಷೆಯನ್ನು ಸಾವಿರ ಸಲ ನಡೆಸಿದ್ದರೂ ಸಾವಿರ ಸಲವೂ ಅದು ತೇರ್ಗಡೆಯಾಗುತ್ತಿತ್ತು.

ಇದು ಒಂದು ಸಂಸ್ಥೆಯ ದುರದೃಷ್ಟವೆಂದು ತಿಳಿಯಬೇಕಾಗಿಲ್ಲ. ಬ್ಯಾಂಕಿನ ಪುಟವೊಂದು ಫೋನಿನಲ್ಲಿ ತೆರೆದುಕೊಳ್ಳುವಾಗ, ತಾನು ನಿಜವಾಗಿಯೂ ಆ ಬ್ಯಾಂಕಿನದೇ ಎಂದು ಪುಟವೂ ಫೋನಿಗೆ ಪ್ರಮಾಣ ತೋರಿಸಬೇಕಾಗುತ್ತದೆ. ಆಪಲ್ ಸಂಸ್ಥೆಯ ಫೋನುಗಳಲ್ಲಿ ಈ ಪ್ರಮಾಣವನ್ನು ಪರಿಶೀಲಿಸುವ ಭಾಗದಲ್ಲಿ 'ಗೋಟು ಫೇಲ್' ಎಂಬ ಒಂದೇ ಸಾಲು ಒಂದರ ಕೆಳಗೊಂದರಂತೆ ಎರಡು ಬಾರಿ ಬಿದ್ದುಹೋಗಿತ್ತು. ಎರಡನೆಯ ಸಾಲಿನ ದೆಸೆಯಿಂದ, ಕಡೆಯ ತಪಾಸಣೆ ನಡೆಯುವ ಮೊದಲೇ ಪ್ರೋಗ್ರಾಮು ಹೊರಕ್ಕೆ ಹಾರಿ 'ಎಲ್ಲ ಸರಿ' ಎಂದು ವರದಿ ಒಪ್ಪಿಸುತ್ತಿತ್ತು. 2012ರ ಸೆಪ್ಟೆಂಬರಿನಲ್ಲಿ ಬಂದ ಆವೃತ್ತಿಯಲ್ಲಿಯೇ ಇದ್ದ ಆ ದೋಷ ಸರಿಹೋದದ್ದು 2014ರ ಫೆಬ್ರವರಿಯಲ್ಲಿ. ಸಾಚಾ ಪ್ರಮಾಣಪತ್ರ ಹಿಡಿದು ಬಂದ ಪುಟಗಳೆಲ್ಲ ಅಷ್ಟೂ ಕಾಲ ಸರಾಗವಾಗಿ ತೆರೆದುಕೊಳ್ಳುತ್ತಿದ್ದವು. ಸುಳ್ಳು ಸಹಿಯ ಪತ್ರವೊಂದನ್ನು ತಾವೇ ತಯಾರಿಸಿ, ಯಂತ್ರದ ಮುಂದಿಟ್ಟು, ಅದನ್ನು ತಳ್ಳಿಹಾಕುವುದೋ ಇಲ್ಲವೋ ಎಂದು ನೋಡಿದ್ದರೆ ಮೊದಲ ದಿನವೇ ಬಯಲಾಗುತ್ತಿತ್ತು.

ತಪ್ಪು ಬೀಗದಕೈಯಲ್ಲಿಯೂ ಬಗೆಗಳುಂಟು. ಒಂದಕ್ಷರ ತಪ್ಪಿದ ಗುಪ್ತಪದ ಒಂದು ಬಗೆ. ಪಕ್ಕದ ಮನೆಯವರ ಸರಿಯಾದ ಗುಪ್ತಪದ ಇನ್ನೊಂದು. ಕಳೆದ ತಿಂಗಳು ಬದಲಾಯಿಸಿಬಿಟ್ಟ ಹಳೆಯದು ಮತ್ತೊಂದು. ಏನನ್ನೂ ಬರೆಯದೆ ಬರಿದಾಗಿ ಬಿಟ್ಟದ್ದೂ ಒಂದು ಬಗೆಯೇ. ಇಂಥದನ್ನೆಲ್ಲ ಯಾರು ಮಾಡಿಯಾರೆಂದು ಅಸಡ್ಡೆ ಮಾಡುವಂತಿಲ್ಲ. 2017ರ ನವೆಂಬರಿನಲ್ಲಿ ಆಪಲ್ ಗಣಕಗಳ ಹೊಸ ಆವೃತ್ತಿಯಲ್ಲಿ, 'ರೂಟ್' ಎಂದು ಹೆಸರು ಬರೆದು ಗುಪ್ತಪದದ ಜಾಗವನ್ನು ಖಾಲಿ ಬಿಟ್ಟು ಒತ್ತಿದರೆ ಯಂತ್ರದ ಸಮಸ್ತ ಅಧಿಕಾರವೂ ಕೈಗೆ ಬರುತ್ತಿದ್ದುದು ಲೋಕಕ್ಕೆಲ್ಲ ತಿಳಿಯಿತು. ಮರುದಿನವೇ ತಿದ್ದುಪಡಿ ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಗೆ ಅಷ್ಟರಮಟ್ಟಿಗೆ ಅವಕಾಶವಾಗಲಿಲ್ಲ.

ಬಾಗಿಲಿನ ಈ ಸಮಸ್ಯೆ ಗಣಕಗಳಿಗೆ ಹೊಸದೂ ಅಲ್ಲ. ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ಏರ್ಪಾಡನ್ನು ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೋ ಕೊರ್ಬಾಟೊ ಅವರ ತಂಡ 1961ರಲ್ಲಿ ಮಾಡಿ ತೋರಿಸಿತು. ಒಬ್ಬರ ಕಡತವನ್ನು ಇನ್ನೊಬ್ಬರು ನೋಡದಿರಲೆಂದು ಅಲ್ಲಿ ಗುಪ್ತಪದಗಳು ಬಂದವು. ಆ ದಶಕದ ನಡುವೆ ಒಂದು ದಿನ ವಿಚಿತ್ರ ನಡೆಯಿತು. ಯಂತ್ರದ ಮುಂದೆ ಕುಳಿತವರಿಗೆಲ್ಲ 'ಇಂದಿನ ಪ್ರಕಟಣೆ' ಎಂದು ಮುದ್ರಿತವಾಗಿ ಬರಬೇಕಾಗಿದ್ದ ಕಡೆ, ಸಮಸ್ತ ಬಳಕೆದಾರರ ಗುಪ್ತಪದಗಳ ಪಟ್ಟಿಯೇ ಮುದ್ರಿತವಾಗಿ ಬರತೊಡಗಿತು! ಮೇಲ್ವಿಚಾರಕರಲ್ಲಿ ಒಬ್ಬರು ಪ್ರಕಟಣೆಯನ್ನೂ ಇನ್ನೊಬ್ಬರು ಗುಪ್ತಪದಗಳ ಕಡತವನ್ನೂ ಏಕಕಾಲದಲ್ಲಿ ತಿದ್ದುತ್ತಿದ್ದರು. ತಿದ್ದುವ ಸಾಧನವು ತನ್ನ ಕರಡನ್ನು ಯಾವಾಗಲೂ ಒಂದೇ ಹೆಸರಿನಲ್ಲಿ ಇಡುತ್ತಿತ್ತು. ಒಂದು ವೇಳೆಗೆ ಒಬ್ಬರೇ ತಿದ್ದುವರೆಂದು ಅದನ್ನು ರಚಿಸಿದವರು ನಂಬಿದ್ದರು. ಎರಡು ಕರಡುಗಳು ಅದಲುಬದಲಾದವು. ಕೊರ್ಬಾಟೊ ಅವರು ಮುಂದೆ 1990ರ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ಈ ಪ್ರಸಂಗವನ್ನು ತಾವೇ ಮುಚ್ಚುಮರೆಯಿಲ್ಲದೆ ವಿವರಿಸಿದರು. ದೊಡ್ಡವರ ಲಕ್ಷಣವೇ ಅದು.

ಆ ಸಾಧನವನ್ನು ಒಬ್ಬೊಬ್ಬರಾಗಿ ಪರೀಕ್ಷಿಸಿದ್ದರೆ ಯಾವ ದೋಷವೂ ಕಾಣುತ್ತಿರಲಿಲ್ಲ. ಇಬ್ಬರು ಕೂಡಿದಾಗ ಮಾತ್ರ ಅದು ಪ್ರಕಟವಾಗುತ್ತಿತ್ತು. ಇಂದಿನ ತಂಡಗಳನ್ನು ದಿನನಿತ್ಯ ಕಾಡುವ ತೊಡಕೊಂದು ಇದಕ್ಕೆ ಒಡಹುಟ್ಟಿದಂತಿದೆ. ಒಂಟಿಯಾಗಿ ನಡೆಸಿದರೆ ತೇರ್ಗಡೆಯಾಗುವ ಪರೀಕ್ಷೆ, ನೂರಾರರ ಜೊತೆಯಲ್ಲಿ ಒಮ್ಮೆಗೇ ನಡೆಸಿದರೆ ಬಿದ್ದುಹೋಗುತ್ತದೆ. ವಿಚಾರಿಸಿ ನೋಡಿದರೆ, ಎಲ್ಲ ಪರೀಕ್ಷೆಗಳೂ ಒಂದೇ ಕಾಲ್ಪನಿಕ ಖಾತೆದಾರನನ್ನು ಬಳಸಿಕೊಳ್ಳುತ್ತಿರುತ್ತವೆ. ಒಂದು ಪರೀಕ್ಷೆ ಅವನ ಗುಪ್ತಪದವನ್ನು ಬದಲಾಯಿಸಿದ ಗಳಿಗೆಯಲ್ಲಿಯೇ ಇನ್ನೊಂದು ಹಳೆಯದನ್ನು ಹಿಡಿದು ಬಾಗಿಲಿಗೆ ಬಂದಿರುತ್ತದೆ. ಪ್ರತಿ ಪರೀಕ್ಷೆಗೂ ಅದರದೇ ಆದ ಹೊಸ ಖಾತೆದಾರನನ್ನು ಸೃಷ್ಟಿಸಿಕೊಟ್ಟು, ಮುಗಿದೊಡನೆ ಅಳಿಸಿಹಾಕುವುದು ಇದಕ್ಕೆ ಮದ್ದು. 'ಇನ್ನೊಮ್ಮೆ ನಡೆಸಿ, ಸರಿಹೋಗುತ್ತದೆ' ಎಂದು ಕೈತೊಳೆದುಕೊಳ್ಳುವವರು ಕಡಿಮೆಯಿಲ್ಲ. ಅವರು ಕೊರ್ಬಾಟೊ ಅವರ ಉಪನ್ಯಾಸವನ್ನು ಓದುವುದು ಲೇಸು.

ಗುಪ್ತಪದಗಳನ್ನು ಇದ್ದಂತೆಯೇ ಬರೆದಿಡುವುದು ಅಪಾಯವೆಂಬುದು ಅಂದಿನಿಂದಲೇ ಸ್ಪಷ್ಟವಾಯಿತು. ಅಕ್ಕಿಯನ್ನು ಗಿರಣಿಗೆ ಹಾಕಿದರೆ ಹಿಟ್ಟು ಬರುತ್ತದೆ. ಹಿಟ್ಟನ್ನು ಮತ್ತೆ ಅಕ್ಕಿಯಾಗಿಸಲು ಸಾಧ್ಯವಿಲ್ಲ. ಗುಪ್ತಪದವನ್ನೂ ಹೀಗೆಯೇ ಗಣಿತದ ಗಿರಣಿಯಲ್ಲಿ ಬೀಸಿ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುವುದು. ಮರುದಿನ ಬಂದವನು ಹೇಳಿದ್ದನ್ನೂ ಬೀಸಿ, ಎರಡು ಹಿಟ್ಟುಗಳು ಒಂದೇ ಆಗಿವೆಯೇ ಎಂದು ಹೋಲಿಸುವುದು. 1979ರಲ್ಲಿ ಬೆಲ್ ಪ್ರಯೋಗಶಾಲೆಯ ರಾಬರ್ಟ್ ಮೋರಿಸ್ ಮತ್ತು ಕೆನ್ ಥಾಮ್ಸನ್ ಅವರು ಇದಕ್ಕೆ ಒಂದು ಚಿಟಿಕೆ 'ಉಪ್ಪ'ನ್ನೂ ಸೇರಿಸುವ ಕ್ರಮವನ್ನು ವಿವರಿಸಿದರು. ಒಬ್ಬೊಬ್ಬರಿಗೂ ಬೇರೆ ಬೇರೆ ಉಪ್ಪು ಬೆರೆಯುವುದರಿಂದ, ಇಬ್ಬರ ಗುಪ್ತಪದ ಒಂದೇ ಆದರೂ ಹಿಟ್ಟು ಒಂದೇ ಆಗುವುದಿಲ್ಲ. ಇಷ್ಟೆಲ್ಲ ತಿಳಿದಿದ್ದರೂ 2009ರಲ್ಲಿ ರಾಕ್‌ಯೂ ಎಂಬ ಸಂಸ್ಥೆಯಿಂದ ಕಳುವಾದ 3 ಕೋಟಿ 20 ಲಕ್ಷ ಗುಪ್ತಪದಗಳು ಬೀಸದ ಅಕ್ಕಿಯಾಗಿಯೇ ಉಳಿದಿದ್ದವು.

1999ರಲ್ಲಿ ಪ್ರಕಟವಾದ 'ಬಿಕ್ರಿಪ್ಟ್' ಎಂಬ ಗಿರಣಿಯ ವೈಶಿಷ್ಟ್ಯವೆಂದರೆ ಅದು ಬೇಕೆಂದೇ ನಿಧಾನವಾಗಿ ಬೀಸುತ್ತದೆ. ಒಬ್ಬ ಖಾತೆದಾರನಿಗೆ ಅರೆಕ್ಷಣದ ವಿಳಂಬ ಏನೂ ಅಲ್ಲ. ಕೋಟಿ ಊಹೆಗಳನ್ನು ಬೀಸಿ ನೋಡಬೇಕಾದ ಕಳ್ಳನಿಗೆ ಅದೇ ದೊಡ್ಡ ಶಿಕ್ಷೆ. ಶ್ರಮದ ಅಂಕಿಯನ್ನು ಒಂದು ಹೆಚ್ಚಿಸಿದರೆ ಕೆಲಸ ಇಮ್ಮಡಿಯಾಗುತ್ತದೆ. ಆದರೆ ದಿನಕ್ಕೆ ಹತ್ತು ಸಲ ಸಾವಿರ ಪರೀಕ್ಷೆಗಳನ್ನು ನಡೆಸುವ ಪರೀಕ್ಷಕರಿಗೂ ಈ ಶಿಕ್ಷೆ ತಪ್ಪದು. ಆದ್ದರಿಂದ ಅವರು ಪರೀಕ್ಷೆಯ ವೇಳೆ ಮಾತ್ರ ಅಂಕಿಯನ್ನು 12ರಿಂದ 4ಕ್ಕೆ ಇಳಿಸುತ್ತಾರೆ. ಕೆಲಸ 256 ಪಟ್ಟು ಹಗುರವಾಗುತ್ತದೆ. ಇನ್ನು ಕೆಲವರು ಬಾಗಿಲನ್ನೇ ಹಾಯದೆ, 'ಪರೀಕ್ಷಕನು ಒಳಗಿದ್ದಾನೆಂದು ತಿಳಿ' ಎಂದು ಪ್ರೋಗ್ರಾಮಿಗೆ ಹೇಳಿಬಿಡುವ ಹಿತ್ತಿಲ ದಾರಿಯೊಂದನ್ನು ಮಾಡಿಕೊಳ್ಳುತ್ತಾರೆ. ಎರಡೂ ಸಕಾರಣವಾದ ಅನುಕೂಲಗಳೇ. ಆದರೆ ಮದುವೆಗೆಂದು ಕಿತ್ತ ಕಾಂಪೌಂಡಿನ ತಂತಿಯನ್ನು ಮದುವೆ ಮುಗಿದ ಮೇಲೆ ಮತ್ತೆ ಕಟ್ಟಲು ಮರೆಯುವ ಮನೆಗಳಿಲ್ಲವೆ? ನಿಜವಾದ ಬಳಕೆಯ ಯಂತ್ರದಲ್ಲಿ ಹಿತ್ತಿಲ ದಾರಿ ಮುಚ್ಚಿದೆಯೇ, ಅಂಕಿ 12ರಲ್ಲಿಯೇ ಇದೆಯೇ ಎಂದು ಕೇಳುವ ಪರೀಕ್ಷೆಯೊಂದನ್ನು ಬೇರೆಯಾಗಿ ಬರೆಯುವವರೇ ಜಾಣರು.

ಈ ಗಿರಣಿಗೆ ಇನ್ನೊಂದು ಗುಣವಿದೆ. ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಅದರ ಬಾಯಿಯಲ್ಲಿ 72 ಬೈಟುಗಳಷ್ಟು ಮಾತ್ರ ಹಿಡಿಸುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಕೆಲವು ಪ್ರೋಗ್ರಾಮುಗಳು ತಿರಸ್ಕರಿಸುತ್ತವೆ. ಎಷ್ಟೋ ಪ್ರೋಗ್ರಾಮುಗಳು ಸದ್ದಿಲ್ಲದೆ ಚೆಲ್ಲಿಬಿಡುತ್ತವೆ. ಇಂಗ್ಲಿಷ್ ಅಕ್ಷರವೊಂದಕ್ಕೆ ಒಂದು ಬೈಟು ಸಾಕು. ಕನ್ನಡದಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರವನ್ನು ಕೂಡಿಸುವ ಅರ್ಧಚಿಹ್ನೆ ಒಂದೊಂದಕ್ಕೂ ವಾಡಿಕೆಯ ಯುಟಿಎಫ್-8 ಕ್ರಮದಲ್ಲಿ ಮೂರು ಮೂರು ಬೈಟು ಬೇಕು. 'ಕೃಷ್ಣರಾಜಸಾಗರ' ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು ಏಳು ಅಕ್ಷರ. ಯಂತ್ರ ಎಣಿಸುವುದು 12 ಚಿಹ್ನೆ, 36 ಬೈಟು. ಯಾರಾದರೂ ಅದನ್ನು ಎರಡು ಸಲ ಬರೆದು, ಕೊನೆಗೆ ತಮಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತನ್ನು ಸೇರಿಸಿದರೆಂದುಕೊಳ್ಳಿ. ಆ ಗುಟ್ಟು ಗಿರಣಿಯ ಒಳಗೆ ಹೋಗುವುದೇ ಇಲ್ಲ. ಅಣೆಕಟ್ಟೆಯ ಹೆಸರನ್ನು ಎರಡು ಸಲ ಹೇಳಿದವರಿಗೆಲ್ಲ ಬಾಗಿಲು ತೆರೆಯುತ್ತದೆ. ಇಂಗ್ಲಿಷ್ ಗುಪ್ತಪದಗಳನ್ನಷ್ಟೇ ಹಾಕಿ ನೋಡಿದ ಪರೀಕ್ಷಕರಿಗೆ ಈ ಸಂಗತಿ ಕನಸಿನಲ್ಲಿಯೂ ಹೊಳೆಯದು.

ಇದು ಬರಿಯ ತರ್ಕವಲ್ಲವೆಂಬುದನ್ನು 2024 ತೋರಿಸಿಕೊಟ್ಟಿತು. ಇತರ ಸಂಸ್ಥೆಗಳ ಬಾಗಿಲು ಕಾಯುವುದನ್ನೇ ಉದ್ಯೋಗವಾಗಿಸಿಕೊಂಡ ಓಕ್ಟಾ ಎಂಬ ಕಂಪೆನಿ, ತನ್ನ ಒಂದು ಸೇವೆಯಲ್ಲಿ, ಖಾತೆಯ ಗುರುತು, ಬಳಕೆದಾರನ ಹೆಸರು, ಗುಪ್ತಪದ ಈ ಮೂರನ್ನೂ ಒಂದರ ಹಿಂದೊಂದು ಜೋಡಿಸಿ ಇದೇ ಗಿರಣಿಗೆ ಹಾಕುತ್ತಿತ್ತು. ಹೆಸರು 52 ಅಕ್ಷರ ಅಥವಾ ಅದಕ್ಕೂ ಉದ್ದವಾಗಿದ್ದರೆ ಗಿರಣಿಯ ಬಾಯಿ ಹೆಸರಿನಿಂದಲೇ ತುಂಬಿ, ಗುಪ್ತಪದಕ್ಕೆ ಜಾಗವೇ ಉಳಿಯುತ್ತಿರಲಿಲ್ಲ. ಹಿಂದೊಮ್ಮೆ ಸರಿಯಾಗಿ ಒಳಬಂದಿದ್ದ ಅಂಥ ಖಾತೆಗೆ, ಕೆಲವು ಸನ್ನಿವೇಶಗಳಲ್ಲಿ, ಹೆಸರೊಂದೇ ಸಾಕಾಗುವಂತಾಗಿತ್ತು. ಜುಲೈ 23ರಂದು ನುಸುಳಿದ ಈ ದೋಷವನ್ನು ಕಂಪೆನಿಯವರೇ ಅಕ್ಟೋಬರ್ 30ರಂದು ಕಂಡುಹಿಡಿದು, ಅನಂತರ ಪ್ರಕಟಿಸಿದರು.

ಕನ್ನಡದ ಸೂಕ್ಷ್ಮಗಳು ಇಲ್ಲಿಗೇ ಮುಗಿಯುವುದಿಲ್ಲ. 'ಕೊಡಗು' ಎಂಬ ಪದದ ಮೊದಲ ಅಕ್ಷರದಲ್ಲಿರುವ ಒಕಾರವನ್ನು ಯೂನಿಕೋಡ್ ಕ್ರಮದಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವವನ್ನೂ ಊಕಾರದ ಕೊಂಬನ್ನೂ ಬೇರೆ ಬೇರೆ ಚಿಹ್ನೆಗಳಾಗಿಟ್ಟು ಕೂಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡಕ್ಕೂ ಕೂದಲೆಳೆಯಷ್ಟು ಭೇದವಿಲ್ಲ. ಗಿರಣಿಗೆ ಮಾತ್ರ ಅವು ಬೇರೆ ಬೇರೆ ಧಾನ್ಯ. ಒಂದು ಯಂತ್ರದ ಕೀಲಿಮಣೆ ಮೊದಲ ರೀತಿಯಲ್ಲಿ ಬರೆದು ಇನ್ನೊಂದರದು ಎರಡನೆಯ ರೀತಿಯಲ್ಲಿ ಬರೆದರೆ, ಸತ್ಯವಂತನೇ ತನ್ನ ಮನೆಯ ಹೊರಗೆ ನಿಲ್ಲಬೇಕಾಗುತ್ತದೆ. ಬೀಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕೆಂದು ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ 2017ರಲ್ಲಿ ಸೂಚಿಸಿದೆ. ಆದರೂ ಒಂದು ತೊಡಕು ಉಳಿಯುತ್ತದೆ. ಹಲವರು 'ಕುಮಾರ್' ಎಂದು ಬರೆದ ಮೇಲೆ, ಕಣ್ಣಿಗೆ ಕಾಣದ ಸಂಕೇತವೊಂದು ಕಡೆಯಲ್ಲಿ ಅಂಟಿಕೊಂಡಿರುತ್ತದೆ. ಅರ್ಧಾಕ್ಷರವು ಮುಂದಿನ ಅಕ್ಷರದೊಡನೆ ಕೂಡದಿರಲೆಂದು ಹಾಕುವ ಸಂಕೇತವದು. ಆ ಸೂಚನೆಯ ರೂಪಾಂತರದಿಂದ ಇದು ಹೋಗುವುದಿಲ್ಲ. ಬೆಂಗಳೂರಿನಲ್ಲಿ ಕುಳಿತು ಜಗತ್ತಿಗೆಲ್ಲ ಪ್ರೋಗ್ರಾಮು ಬರೆದುಕೊಡುವ ಕನ್ನಡದ ಮಕ್ಕಳು, ತಮ್ಮ ಪರೀಕ್ಷೆಯ ಖಾತೆದಾರರಲ್ಲಿ ಒಬ್ಬನಿಗಾದರೂ ಕನ್ನಡ ಲಿಪಿಯಲ್ಲಿ ಹೆಸರಿಟ್ಟರೆ ಇವೆಲ್ಲ ತಾವಾಗಿಯೇ ಹೊರಬೀಳುತ್ತವೆ.

ಕಳ್ಳನನ್ನು ತಡೆಯುವ ಉತ್ಸಾಹದಲ್ಲಿ ಮನೆಯವರನ್ನೇ ತಡೆಯುವುದೂ ದೋಷವೇ. ಪಿಂಚಣಿ ಬಂದಿತೇ ಎಂದು ನೋಡಲು ಹಿರಿಯರೊಬ್ಬರು ಫೋನು ಹಿಡಿದು ಕುಳಿತು, ಮೂರು ಸಲ 'ತಪ್ಪು' ಎನ್ನಿಸಿಕೊಂಡು ಬೆವರುವ ನೋಟ ಯಾವ ಮನೆಗೂ ಅಪರಿಚಿತವಲ್ಲ. "ತಾತ, ನೀವು ಸರಿಯಾಗಿಯೇ ಬರೆದಿದ್ದೀರಿ. ನಿಮ್ಮ ಹೆಸರಿನ ಕೊನೆಯಲ್ಲಿ ಫೋನು ತಾನಾಗಿ ಒಂದು ತೆರಪು ಬಿಟ್ಟಿದೆ, ಅಷ್ಟೆ" ಎಂದು ಮೊಮ್ಮಗಳು ಬಂದು ಬಿಡಿಸಿಕೊಡಬೇಕು. ಹೆಸರಿನ ಅಕ್ಕಪಕ್ಕದ ತೆರಪನ್ನು ಪ್ರೋಗ್ರಾಮೇ ಒರೆಸಿಹಾಕಬಹುದಾಗಿತ್ತು. ಪರೀಕ್ಷಕರು ಯಾರೂ ತಾತನಂತೆ ಬರೆದು ನೋಡಲಿಲ್ಲ. ಗುಪ್ತಪದದಲ್ಲಿ ಅಂಕಿ, ದೊಡ್ಡಕ್ಷರ, ವಿಚಿತ್ರ ಚಿಹ್ನೆಗಳಿರಲೇಬೇಕು, ತಿಂಗಳು ಮೂರು ತಿಂಗಳಿಗೊಮ್ಮೆ ಬದಲಾಯಿಸಲೇಬೇಕು ಎಂಬ ಕಟ್ಟಳೆಗಳನ್ನೂ ನಿಸ್ಟ್ ಸಂಸ್ಥೆಯು 2017ರಲ್ಲಿ ಕೈಬಿಟ್ಟು, ಉದ್ದವಾದ ಪದಗುಚ್ಛಗಳಿಗೆ ಆಸ್ಪದ ಕೊಡಬೇಕೆಂದಿತು. ತಿಂಗಳು ತಿಂಗಳೂ 'ಮೈಸೂರು1' ಎಂಬುದನ್ನು 'ಮೈಸೂರು2' ಎಂದು ತಿದ್ದುತ್ತ ಬಂದ ಗೃಹಸ್ಥರಿಗೆ ಇದರ ಕಾರಣವನ್ನು ಯಾರೂ ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಆ ಕಟ್ಟಳೆಯನ್ನು ಬಿಡದೆ ಹಿಡಿದುಕೊಂಡಿರುವ ಜಾಲತಾಣಗಳಿಗೆ ಈಗಲೂ ಬರವಿಲ್ಲ.

ಬಾಗಿಲು ದಾಟಿದ ಮೇಲಿನ ಕಥೆ ಬೇರೆ. ವೆಬ್ಬಿನ ಮೂಲ ಏರ್ಪಾಡಿಗೆ ಜ್ಞಾಪಕಶಕ್ತಿಯೆಂಬುದಿಲ್ಲ. ಒಂದು ಪುಟವನ್ನು ಕೊಟ್ಟೊಡನೆ ಕೇಳಿದವನನ್ನು ಅದು ಮರೆತುಬಿಡುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ಅವರು ಇದಕ್ಕೆ 'ಕುಕಿ' ಎಂಬ ಉಪಾಯವನ್ನು ತಂದರು. ದೇವಸ್ಥಾನದ ಮುಂದೆ ಪಾದರಕ್ಷೆ ಬಿಟ್ಟವರಿಗೆ ಕೊಡುವ ಬಿಲ್ಲೆಯಂತೆ ಅದು. ಬಿಲ್ಲೆ ತೋರಿಸಿದವನೇ ಒಡೆಯ. ಖಾತೆಯಿಂದ ಹೊರಬರುವ ಗುಂಡಿಯನ್ನು ಒತ್ತಿದಾಗ, ಹಲವು ಪ್ರೋಗ್ರಾಮುಗಳು ಭಕ್ತನ ಕೈಯಿಂದ ಬಿಲ್ಲೆಯನ್ನು ಕಿತ್ತೆಸೆದು ಸುಮ್ಮನಾಗುತ್ತವೆ. ಅಂಗಡಿಯವನ ಪುಸ್ತಕದಲ್ಲಿ ಆ ಸಂಖ್ಯೆಯನ್ನು ಹೊಡೆದುಹಾಕುವುದಿಲ್ಲ. ಅದರ ನಕಲನ್ನು ಯಾರಾದರೂ ಮೊದಲೇ ತೆಗೆದಿಟ್ಟುಕೊಂಡಿದ್ದರೆ ಅದಿನ್ನೂ ನಡೆಯುತ್ತದೆ. ಹೊರಬಂದ ಬಳಿಕ ಹಳೆಯ ಬಿಲ್ಲೆಯನ್ನೇ ಮತ್ತೆ ತೋರಿಸಿ, 'ಇಲ್ಲ' ಎನ್ನಿಸಿಕೊಳ್ಳುವ ಪರೀಕ್ಷೆಯನ್ನು ಬರೆಯಲು ಹತ್ತು ನಿಮಿಷವೂ ಬೇಡ.

ಇನ್ನು ಓಟಿಪಿ. ಕಾರ್ಡು ತೋರಿಸದೆ ದೂರದಿಂದ ಹಣ ಪಾವತಿ ಮಾಡುವವರಿಗೆ ಇನ್ನೊಂದು ಸುತ್ತಿನ ದೃಢೀಕರಣವಿರಬೇಕೆಂದು ರಿಜರ್ವ್ ಬ್ಯಾಂಕು 2009ರ ಆಗಸ್ಟಿನಿಂದ ಕಡ್ಡಾಯ ಮಾಡಿದ ಮೇಲೆ, ಕ್ರಮೇಣ ಈ ಮೂರಕ್ಷರ ಅಡುಗೆಮನೆಯವರೆಗೂ ಬಂದಿತು. ಫೋನಿನಲ್ಲಿಯೇ ಹುಟ್ಟುವ, 30 ಸೆಕೆಂಡಿಗೊಮ್ಮೆ ಬದಲಾಗುವ ಸಂಖ್ಯೆಗಳಿಗೆ 2011ರ ಆರ್.ಎಫ್.ಸಿ. 6238 ಎಂಬ ಪತ್ರ ಆಧಾರ. ಪರೀಕ್ಷಕನು ಸೆಕೆಂಡು ಎಣಿಸುತ್ತ ಕುಳಿತುಕೊಳ್ಳಲಾಗುವುದಿಲ್ಲ. ಆದ್ದರಿಂದ ಅವನು ಪ್ರೋಗ್ರಾಮಿನ ಕೈಗೆ ತನ್ನದೇ ಆದ ಒಂದು ಸುಳ್ಳು ಗಡಿಯಾರವನ್ನು ಕಟ್ಟುತ್ತಾನೆ. 1970ರ ಜನವರಿ 1ರ ಮೊದಲ ಗಳಿಗೆಯಿಂದ 59 ಸೆಕೆಂಡು ಕಳೆದಾಗ, ಆ ಪತ್ರದಲ್ಲಿಯೇ ಕೊಟ್ಟಿರುವ ಮಾದರಿ ರಹಸ್ಯದಿಂದ ಬರಬೇಕಾದ ಸಂಖ್ಯೆ 94287082. ಬಂದರೆ ಲೆಕ್ಕ ಸರಿ. ಅನಂತರ ಗಡಿಯಾರದ ಮುಳ್ಳನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ಅವಧಿ ಮುಗಿದ ಸಂಖ್ಯೆಯನ್ನೂ, ಒಮ್ಮೆ ಬಳಸಿದ ಸಂಖ್ಯೆಯನ್ನು ಎರಡನೆಯ ಸಲವೂ ಕೊಟ್ಟುನೋಡುತ್ತಾನೆ.

ಒಳಬಂದವನು ಯಾರೆಂದು ತಿಳಿದರೆ ಸಾಲದು. ಯಾವ ಕೋಣೆಗೆ ಹೋಗಬಹುದೆಂಬುದೂ ತಿಳಿಯಬೇಕು. 2019ರಲ್ಲಿ ಫಸ್ಟ್ ಅಮೆರಿಕನ್ ಎಂಬ ಸಂಸ್ಥೆಯ ತಾಣದಲ್ಲಿ, ಪುಟದ ವಿಳಾಸದ ಕೊನೆಯ ಸಂಖ್ಯೆಯನ್ನು ಬದಲಾಯಿಸುತ್ತ ಹೋದರೆ ಮನೆ ಕೊಳ್ಳುವವರ ದಾಖಲೆಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಹೀಗೆ ತೆರೆದಿದ್ದ ದಾಖಲೆಗಳು ಸುಮಾರು 88 ಕೋಟಿ 50 ಲಕ್ಷವೆಂದು ವರದಿಯಾಯಿತು. ಇಬ್ಬರು ಕಾಲ್ಪನಿಕ ಖಾತೆದಾರರನ್ನು ಮಾಡಿ, ಒಬ್ಬನ ಬಿಲ್ಲೆಯಿಂದ ಇನ್ನೊಬ್ಬನ ಕಾಗದವನ್ನು ಕೇಳಿಸುವುದು ಇದರ ಪರೀಕ್ಷೆ.

ಈಚೆಗೆ ಗುಪ್ತಪದವೇ ಬೇಡವೆಂಬ ಕಾಲವೂ ಬರುತ್ತಿದೆ. 'ವೆಬ್‌ಆಥನ್' ಎಂಬ ಕ್ರಮವು 2019ರ ಮಾರ್ಚಿನಲ್ಲಿ ಮಾನಕವಾಯಿತು. ಇದರಲ್ಲಿ ಫೋನು ತನ್ನೊಳಗೆ ರಹಸ್ಯವನ್ನಿಟ್ಟುಕೊಂಡು, ಒಡೆಯನ ಬೆರಳನ್ನೋ ಮುಖವನ್ನೋ ಗುರುತಿಸಿ, ಅವನ ಪರವಾಗಿ ಸಹಿ ಹಾಕುತ್ತದೆ. ರಾತ್ರಿಯೆಲ್ಲ ತಾನಾಗಿ ನಡೆಯುವ ಪರೀಕ್ಷೆಗಳಿಗೆ ಬೆರಳನ್ನು ಎಲ್ಲಿಂದ ತರುವುದು? 2021ರ ಎರಡನೆಯ ಆವೃತ್ತಿಯ ಮಾನಕಪತ್ರದಲ್ಲಿಯೇ ಇದಕ್ಕೆ ಉತ್ತರವಿದೆ. ಬ್ರೌಸರಿನೊಳಗೆ ಕಾಲ್ಪನಿಕ ದೃಢೀಕರಣ ಯಂತ್ರವೊಂದನ್ನು ಹೂಡಿಕೊಳ್ಳಲು ಅದು ಅನುವು ಮಾಡಿಕೊಡುತ್ತದೆ. ಆ ಯಂತ್ರಕ್ಕೆ ಕೊಡಬಹುದಾದ ಆಜ್ಞೆಗಳಲ್ಲಿ ಒಂದು, ಬೆರಳು ಒಡೆಯನದು ಹೌದೆಂದು ಹೇಳುವುದು. ಅದೇ ಆಜ್ಞೆಯಲ್ಲಿ ಒಂದು ಮಾತನ್ನು ಬದಲಿಸಿದರೆ, ಬೆರಳು ಅವನದಲ್ಲವೆಂದು ಹೇಳುವುದು.